ತೊಗಟೆಯ ಗುಡಿಸಲ ಮುಂದೆ

ಪರ್ತ್‌ನ ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗದಲ್ಲಿ ನಾನು ಡಾಕ್ಟರಾಗಿದ್ದಾಗ, ವಾರಕ್ಕೆ ಮೂರು ದಿನ ನೂಂಗಾರ್ ಜನಾಂಗದ ಹೆಂಗಸೊಬ್ಬರು ಬರುತ್ತಿದ್ದರು. ಈ ನೆಲದ ಮೂಲನಿವಾಸಿಗಳು ಹಿರಿಯ ಹೆಂಗಸರನ್ನು ಆಂಟಿ ಎನ್ನುತ್ತಾರೆ. ನಮ್ಮಲ್ಲೂ ಅದೇ ರೂಢಿ; ನಾನೂ ಹಾಗೇ ಕರೆಯುತ್ತಿದ್ದೆ. ಯಂತ್ರಕ್ಕೆ ತೋಳು ಕೊಟ್ಟು ಗೋಡೆಯ ಕಡೆ ತಿರುಗಿದರೆ ಮುಗಿಯಿತು, ಮತ್ತೆ ಮಾತಿಲ್ಲ. ಒಂದು ದಿನ ಮಾತ್ರ, "ಭಾನುವಾರ ಬೆಟ್ಟದ ಕಡೆ ಬನ್ನಿ ಡಾಕ್ಟ್ರೇ. ಅಲ್ಲಿ ನಾನು ಕೆಲಸ ಮಾಡ್ತೀನಿ" ಎಂದರು.

ಹೆಂಡತಿಯೊಂದಿಗೆ ನಮ್ಮ ಮನೆಯಿದ್ದ ಎಲೆನ್‌ಬ್ರೂಕ್‌ನಿಂದ ಹೊರಟೆ. ಬಿಳಿಯರು ಬರುವ ಮೊದಲು ನೂಂಗಾರರು ಹೇಗೆ ಬದುಕಿದ್ದರೆಂದು ಕಣ್ಣೆದುರೇ ಮಾಡಿ ತೋರಿಸುವ ಜಾಗದಲ್ಲಿ ಆಂಟಿಗೆ ಕೆಲಸ. ಮೋಡ ಕವಿದಿತ್ತು, ಜನ ಕಡಿಮೆ. ತೊಗಟೆ ಹೊದಿಸಿದ ಗುಡಿಸಲ ಮುಂದೆ ಆಂಟಿ ಕಾಂಗರೂ ಚರ್ಮ ಹೊದ್ದು ಕೂತಿದ್ದರು. ಗಿಡದ ಅಂಟನ್ನು ಬೆಂಕಿಯಲ್ಲಿ ಕರಗಿಸಿ, ಇದ್ದಿಲಪುಡಿ ಬೆರೆಸಿ, ಕೋಲಿನ ತುದಿಗೆ ಕಲ್ಲು ಕೂರಿಸಿ ಕೊಡಲಿ ಮಾಡುತ್ತಿದ್ದರು. ಅವರ ದನಿ ಅಷ್ಟು ಗಟ್ಟಿಯೆಂದು ನನಗೆ ಗೊತ್ತೇ ಇರಲಿಲ್ಲ.

"ಈಗಲೂ ಹೀಗೇ ಇರ್ತೀರಾ?" ಪ್ರವಾಸಿಯೊಬ್ಬ ಕೇಳಿದ.

"ಇಲ್ಲಪ್ಪ, ಪೆಟ್ರೋಲ್ ಬಂಕ್ ಹಿಂದೆ ಬಾಡಿಗೆ ಮನೆ" ಎಂದು ಆಂಟಿ ನಕ್ಕರು. "ಅಜ್ಜಿಗೆ ಇದೆಲ್ಲ ಬರ್ತಿತ್ತು. ಅಮ್ಮನಿಗೆ ಬರ್ಲಿಲ್ಲ. ಚಿಕ್ಕವಳಿದ್ದಾಗಲೇ ಅವಳನ್ನ ಸರ್ಕಾರದವರು ಅಜ್ಜಿಯಿಂದ ಎತ್ಕೊಂಡು ಹೋದ್ರು, ಬಿಳಿಯರ ಹಾಗೆ ಬೆಳೆಸೋಕೆ. ನಾನು ಕಲ್ತಿದ್ದು ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ."

ಅವನು ಮುಂದೆ ಸರಿದ. ಜನ ಕರಗಿದ ಮೇಲೆ ಆಂಟಿ ನನ್ನೊಬ್ಬನನ್ನೇ ಹತ್ತಿರ ಕರೆದರು.

"ಯಂತ್ರ ಸಾಕು ಡಾಕ್ಟ್ರೇ. ಬಿಟ್ರೆ ಎಷ್ಟು ದಿನ ಇರ್ತೀನಿ?"

ಆಸ್ಪತ್ರೆಯಲ್ಲಾಗಿದ್ದರೆ ಹೇಳಲು ಬೇಕಾದಷ್ಟು ಮಾತಿತ್ತು. "ಒಂದು ವಾರ. ಹೆಚ್ಚೆಂದ್ರೆ ಎರಡು" ಎಂದೆ. "ಇನ್ನೊಮ್ಮೆ ಯೋಚ್ನೆ ಮಾಡಿ, ಆಂಟಿ."

"ಯೋಚ್ನೆ ಮಾಡೋಕೆ ವರ್ಷಗಟ್ಲೆ ಮಲಗಿಸಿದ್ರಲ್ಲ" ಎಂದರು. "ದಕ್ಷಿಣಕ್ಕೆ, ಸಮುದ್ರದ ಹತ್ರ ಅಜ್ಜಿ ಊರಿದೆ. ಅಮ್ಮನಿಗೆ ಸಾಯೋವರೆಗೂ ಅಲ್ಲಿಗೆ ವಾಪಸ್ ಹೋಗೋಕಾಗ್ಲಿಲ್ಲ. ನಾನು ಹೋಗ್ತೀನಿ."

"ನಿಮ್ಮ ಮಗಳಿಗೆ ಗೊತ್ತಾ?"

"ಅವಳೇ ಕರ್ಕೊಂಡು ಹೋಗೋದು."

ಕಾರಿನಲ್ಲಿ ಹೆಂಡತಿ, "ಯಾಕ್ರೀ ಸುಮ್ನಾಗ್ಬಿಟ್ರಿ?" ಎಂದಳು. ರೋಗಿಯ ಮಾತು, ಹೇಳುವಂತಿರಲಿಲ್ಲ. ತಲೆನೋವೆಂದೆ.

ಆ ವಾರ ಆಂಟಿ ಬರಲಿಲ್ಲ. ಫೋನ್ ಮಾಡಿದರೆ ಮಗಳು ಎತ್ತಿಕೊಂಡು, "ಅಮ್ಮ ಮರಳ ಮೇಲೆ ಕೂತಿದ್ದಾಳೆ, ಮಾತಾಡಲ್ವಂತೆ" ಎಂದಳು. ಅವಳ ದನಿಗಿಂತ ಗಾಳಿಯ ಸದ್ದೇ ಜೋರಾಗಿ ಕೇಳುತ್ತಿತ್ತು.

ಆಂಟಿ ತೀರಿಕೊಂಡ ಸುದ್ದಿಯನ್ನು ನರ್ಸ್ ತಂದಾಗ ಅವರ ಹಾಸಿಗೆಗೆ ಹೊಸ ರೋಗಿಯೊಬ್ಬರು ಬಂದಾಗಿತ್ತು. ಅವರ ತೋಳು ಹಿಡಿದು, "ನೋವಾಗ್ತಿದೆಯಾ?" ಎಂದು ಕೇಳಿದೆ. ಆಂಟಿಯನ್ನು ಒಮ್ಮೆಯೂ ಹಾಗೆ ಕೇಳಿರಲಿಲ್ಲ.