ಮೇಸ್ತ್ರಿ ಚಹಾ ಕುಡಿಯಲಿಲ್ಲ

ಗ್ಯಾರೇಜ್ ಮೇಸ್ತ್ರಿಯ ಬಲಗಿವಿ ಯಾವಾಗಲೂ ಕರ್ರಗಿರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಶುಕ್ರವಾರದ ನಮಾಜಿಗೆ ಮುನ್ನ ಎಷ್ಟು ಉಜ್ಜಿದರೂ ಆ ಮಸಿ ಪೂರ್ತಿ ಹೋಗುತ್ತಿರಲಿಲ್ಲ.

ಚಳ್ಳಕೆರೆಯಲ್ಲಿ ಹಳೇ ಗಾಡಿ ಕೊಳ್ಳುವವರು ಅವರನ್ನು ಕರೆದೊಯ್ಯದೆ ದುಡ್ಡು ಬಿಚ್ಚುತ್ತಿರಲಿಲ್ಲ. ಅವರು ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ ಮುಖ ಗಂಟಿಕ್ಕುತ್ತಿತ್ತು; ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಯನ್ನು ಮುಂಚೆಯೇ ಓಡಿಸಿಟ್ಟಿದ್ದಾರೆ ಎಂಬ ಅನುಮಾನ. ಆಮೇಲೆ ತುಕ್ಕು ತಿಂದಿದೆಯೇ ಎಂದು ತಳ ಕುಟ್ಟುವುದು, ಟಾಪಿನ ಮೇಲೆ ಒಂದು ಕೊಡ ನೀರು ಸುರಿಸಿ ಸೋರುತ್ತದೆಯೇ ಎಂದು ಒಳಗೆ ಕೂರುವುದು. "ಎಂಜಿನ್ ಹೋದ್ರೆ ಇಳ್ಸಿ ಕಟ್ಬೋದು ಕಣಪ್ಪಾ, ತಳ ಹೋದ್ರೆ ಏನ್ ಮಾಡ್ತೀಯಾ?" ಎನ್ನುತ್ತಿದ್ದರು.

ಆದರೆ ಮಾರುವವನ ಎದುರು ಗಾಡಿಯನ್ನು ಹಳಿದವರಲ್ಲ. "ಅವನಿಗೂ ಹೆಂಡ್ತಿ ಮಕ್ಳು ಅದಾರೆ." ಗಾಡಿ ಒಪ್ಪಿದರೆ ಅವನು ಕೊಟ್ಟ ಚಹಾ ಕುಡಿಯುತ್ತಿದ್ದರು. ಒಪ್ಪದಿದ್ದರೆ ಬೇಡ ಎಂದು ಎದ್ದುಬಿಡುತ್ತಿದ್ದರು. ಕರೆದೊಯ್ದವನಿಗೆ ಅಷ್ಟು ಸಾಕಿತ್ತು.

ನಾನು ಮೊಳಕಾಲ್ಮೂರಿನ ಸೀರೆ ವ್ಯಾಪಾರಿ. ನಾನೂ ಹೆಂಡತಿಯೂ ಗಂಟು ಹೊತ್ತು ಬಸ್ಸು ಹತ್ತಿ ಇಳಿದು, ಅವಳ ಸೊಂಟ ಬಿದ್ದುಹೋಗಿತ್ತು. ಪರಶುರಾಂಪುರದಲ್ಲಿ ಒಂದು ವ್ಯಾನು ಮಾರಾಟಕ್ಕಿದೆ ಎಂದು ತಿಳಿಯಿತು. ಊರೂರು ತಿರುಗಿ ಪಾತ್ರೆ ಮಾರುವವನದು; ಒಳಗೆ ಮಲಗಲು ಹಲಗೆ, ಸ್ಟೌ ಇಡಲು ಜಾಗ, ನೀರಿನ ಡ್ರಮ್ಮು. ಅವಳು ತನ್ನ ಸರ ಬಿಚ್ಚಿ ಕೊಟ್ಟಳು.

ಅದು ರಂಜಾನ್ ತಿಂಗಳು. ನಾನು ಕರೆದೊಯ್ದ ಮೇಸ್ತ್ರಿ ವ್ಯಾನಿನೊಳಗೆ ಹೊಸದಾಗಿ ಹೊಡೆದ ಪ್ಲೈವುಡ್ಡಿನ ಒಂದು ಮೂಲೆಯನ್ನು ಬಹಳ ಹೊತ್ತು ಕುಟ್ಟಿದರು. ಪಾತ್ರೆಯವನು ಚಹಾ ತಂದ. ಮೇಸ್ತ್ರಿ ಕೈ ಅಡ್ಡ ಹಿಡಿದರು. ನಾನು ದೊಡ್ಡ ತಿಳಿದವನಂತೆ, "ಚಾಚಾಗೆ ರೋಜಾ ಕಣ್ರಿ, ಹನಿ ನೀರೂ ಮುಟ್ಟಲ್ಲ" ಎಂದುಬಿಟ್ಟೆ. ಅವರು ಬಾಯಿ ತೆರೆದರು. ಪಕ್ಕದಲ್ಲಿ, ಚಳ್ಳಕೆರೆಯಿಂದ ಜೊತೆಗೆ ಬಂದಿದ್ದ ಅವರ ಮಸೀದಿಯ ಇಬ್ಬರು ನಿಂತಿದ್ದರು. "ನಾಳೆ ಗ್ಯಾರೇಜಿಗೆ ಬಾ, ಮಾತಾಡಾನ. ಅವಸರ ಮಾಡ್ಬ್ಯಾಡ" ಎಂದಷ್ಟೇ ಹೇಳಿ ಹೊರಟರು. ಸಂಜೆ ಬೇರೆ ಪಾರ್ಟಿ ಬರುತ್ತದೆ ಎಂದ ಪಾತ್ರೆಯವನು. ನಾನು, ಬುದ್ಧಿಗೇಡಿ, ಅಲ್ಲೇ ಅಡ್ವಾನ್ಸ್ ಕೊಟ್ಟೆ. ಮರುದಿನ ಗ್ಯಾರೇಜಿಗೂ ಹೋಗದೆ ಗಾಡಿ ಬಿಡಿಸಿಕೊಂಡೆ.

ರಾಯದುರ್ಗದ ದಾರಿಯಲ್ಲಿ ಮಳೆ ಹಿಡಿಯಿತು. ಒಂದು ಗುಂಡಿಗೆ ಗಾಡಿ ಇಳಿದದ್ದೇ ತಡ, ಹೆಂಡತಿಯ ಕಾಲ ಕೆಳಗಿನ ಪ್ಲೈವುಡ್ಡೂ ಅದರಡಿ ತುಕ್ಕು ತಿಂದ ತಗಡೂ ಒಟ್ಟಿಗೆ ಕುಸಿದವು. ಅವಳ ಮೀನಖಂಡ ಸೀಳಿತು. ರಕ್ತ ಕಟ್ಟಲು ಕೈಗೆ ಸಿಕ್ಕಿದ್ದು ರೇಷ್ಮೆ ಸೀರೆಯೇ.

ಗ್ಯಾರೇಜಿನ ಮುಂದೆ ಜನ ಸೇರುವಂತೆ ಕೂಗಾಡಿದೆ. "ನೋಡಿಯೂ ಬಾಯಿ ಮುಚ್ಕೊಂಡಿದ್ರಲ್ಲಾ! ಅವನು ನಿಮಗೆಷ್ಟು ಕೊಟ್ಟ?" ಥೂ, ಈ ನಾಲಿಗೆ! ಅವರು ತಲೆ ತಗ್ಗಿಸಿ, "ಗಲ್ತಿ ನಂದೇ ಐತೆ. ಗಾಡಿ ಬಿಟ್ಟು ಹೋಗು" ಎಂದರು. ತಾವೇ ಹೊಸ ತಗಡು ತಂದು ತಳ ಪೂರ್ತಿ ಬೆಸೆದರು, ಕೂಲಿ ಮುಟ್ಟಲಿಲ್ಲ. ತಪ್ಪಿಗೆ ಕಟ್ಟಿದ ದಂಡ ಎಂದುಕೊಂಡು ಗಾಡಿ ತಂದೆ. ಮತ್ತೆಂದೂ ಅತ್ತ ಹೋಗಲಿಲ್ಲ.

ಅವರು ತೀರಿಕೊಂಡ ಮೇಲೆ, ಹೆಂಡತಿಯ ಕಾಟ ತಡೆಯದೆ ಮಾತಾಡಿಸಲು ಅವರ ಮನೆಗೆ ಹೋದೆ. ಅವರ ಹೆಂಡತಿ, ಚಾಚಿ, ಪರದೆಯ ಹಿಂದಿನಿಂದಲೇ ಹೇಳಿದರು: "ನೀವು ಗಾಡಿ ತಗೊಂಡ ವರ್ಷ ಅವರಿಗೆ ಶುಗರ್ ಜಾಸ್ತಿ ಆಗಿ ಡಾಕ್ಟ್ರು ರೋಜಾ ಬ್ಯಾಡ ಅಂದಿದ್ರು. ಯಾರಿಗೂ ಹೇಳ್ಬ್ಯಾಡ ಅಂತಿದ್ರು, ಶರಮ್, ನಾಚ್ಕೆ. ನಿಮ್ಮ ಗಾಡಿ ನೋಡಿ ಬಂದ ದಿನ ಊಟ ಮಾಡ್ಲಿಲ್ಲ. 'ರೋಜಾ ಇಲ್ಲ ಅನ್ನಾಕೆ ನಾಚ್ಕೊಂಡೆ, ಅವನು ಆ ಗಾಡಿ ತಗೊಂಡ್ರೆ ಏನ್ ಮಾಡ್ಲಿ' ಅಂತಿದ್ರು."

ಅಂದರೆ ಅವರು ಬೇಡ ಎಂದದ್ದು ಚಹಾವನ್ನಲ್ಲ, ಗಾಡಿಯನ್ನು. ಅವರ ಬಾಯಿ ಕಟ್ಟಿದವನು ನಾನು. ತಪ್ಪು ಒಪ್ಪಿಕೊಂಡವರು ಅವರು. ಅವರು ಬೆಸೆದ ತಳದ ಮೇಲೆ ನಾನೂ ಹೆಂಡತಿಯೂ ಒಂಬತ್ತು ವರ್ಷ ನಿಶ್ಚಿಂತೆಯಾಗಿ ಮಲಗಿ ಎದ್ದೆವು. ಅಷ್ಟೂ ವರ್ಷ ನಾನು ಕಂಡಕಂಡವರಿಗೆಲ್ಲ ಅವರನ್ನು ಮೋಸಗಾರ ಎಂದು ಹೇಳಿಕೊಂಡು ತಿರುಗಿದ್ದೆ.