ಎಲ್ಲರ ಹಿಂದೆ ನಡೆಯುವ ಕೊನೆಯಕ್ಕ

ಬೆಳಗಿನ ಜಾವ ನಾಲ್ಕೂಮುಕ್ಕಾಲು. ಸಮುದ್ರಮಟ್ಟದಿಂದ ನಾಲ್ಕು ಸಾವಿರದ ಏಳುನೂರು ಮೀಟರ್ ಮೇಲಿರುವ ಶಿಬಿರದಲ್ಲಿ ಹನ್ನೊಂದು ಮಂದಿ ಚಾರಣಿಗರು ಹಣೆಗೆ ದೀಪ ಕಟ್ಟಿಕೊಂಡು ಸಾಲಾಗಿ ನಿಂತಿದ್ದಾರೆ. ಒಬ್ಬರು ಕೆಮ್ಮುತ್ತಾರೆ, ಇನ್ನೊಬ್ಬರು ಬೂಟಿನಡಿಯ ಕಬ್ಬಿಣದ ಹಲ್ಲುಗಳನ್ನು ಮೂರನೆಯ ಸಲ ಬಿಗಿದುಕೊಳ್ಳುತ್ತಾರೆ. ಸಾಲಿನ ಮುಂದಿರುವ ಗೈಡ್ ಸೀಟಿ ಊದುತ್ತಾನೆ. ಸಾಲು ಕದಲುತ್ತದೆ, ದೀಪಗಳು ಒಂದೊಂದಾಗಿ ಹಿಮದ ಇಳಿಜಾರು ಹತ್ತತೊಡಗುತ್ತವೆ. ಶಿಬಿರದ ಅಡುಗೆಯವನನ್ನು ಬಿಟ್ಟರೆ ಹೊರಡದೆ ಉಳಿದಿರುವುದು ಒಬ್ಬರೇ, ಗಿಡ್ಡ ಮೈಕಟ್ಟಿನ, ನಲವತ್ತೇಳು ವರ್ಷದ ಹೆಂಗಸು.

ಆಕೆ ಒಂದೊಂದೇ ಡೇರೆಯೊಳಗೆ ತಲೆ ತೂರಿಸುತ್ತಾರೆ. ಒಂದರಲ್ಲಿ ಮಲಗುವ ಚೀಲದಡಿ ಒಂಟಿ ಕೈಗವಸು ಸಿಗುತ್ತದೆ. ಇನ್ನೊಂದರಲ್ಲಿ ತುಂಬಿಟ್ಟ ನೀರಿನ ಬಾಟಲಿ, ಮತ್ತೊಂದರಲ್ಲಿ ಕನ್ನಡಕದ ಡಬ್ಬಿ. "ಈ ಗವಸು ನೀಲಿ ಬೂಟಿನವರದ್ದು. ಇನ್ನು ಅರ್ಧ ಗಂಟೆಗೆ ಕೈ ಮರಗಟ್ಟಿದಾಗ ಹುಡುಕ್ತಾರೆ," ಎನ್ನುತ್ತ ಎಲ್ಲವನ್ನೂ ತಮ್ಮ ಚೀಲಕ್ಕೆ ತುರುಕಿಕೊಳ್ಳುತ್ತಾರೆ. ಡೇರೆಗಳ ಬಾಗಿಲು ಎಳೆದು ಮುಚ್ಚುತ್ತಾರೆ. ಆಮೇಲೆ, ಸಂತೆಗೆ ಹೊರಟವರ ಹಾಗೆ ಯಾವ ಅವಸರವೂ ಇಲ್ಲದೆ, ಸಾಲಿನ ಬಾಲ ಹಿಡಿಯುತ್ತಾರೆ.

ಗೈಡುಗಳು, ಹಮಾಲರು, ಅಡುಗೆಯವರು ಎಲ್ಲರೂ ಅವರನ್ನು ಕರೆಯುವುದು 'ಕೊನೆಯಕ್ಕ' ಎಂದೇ. ತಂಡದಲ್ಲಿ ಎಲ್ಲರಿಗಿಂತ ಹಿಂದೆ ನಡೆಯುವುದು ಅವರ ಕೆಲಸ. ಅವರಿಗಿಂತ ಹಿಂದೆ ಯಾರೂ ಉಳಿಯಕೂಡದು. ಯಾರಿಗಾದರೂ ಸುಸ್ತಾದರೆ ಅವರ ಜೊತೆ ನಿಲ್ಲಬೇಕು, ಯಾರಾದರೂ ಸೋತು ವಾಪಸಾದರೆ ಅವರನ್ನು ಕರೆದುಕೊಂಡು ಇಳಿಯಬೇಕು. ಇಪ್ಪತ್ತೊಂದು ವರ್ಷಗಳಲ್ಲಿ ಸುಮಾರು ನಾನೂರು ತಂಡಗಳ ಬೆನ್ನಿಗೆ ಅವರು ಈ ಪರ್ವತ ಹತ್ತಿದ್ದಾರೆ. ಆದರೆ ಶಿಖರದ ಮೇಲೆ ಕಾಲಿಟ್ಟದ್ದು ಎಷ್ಟು ಸಲ?

"ನಲವತ್ಮೂರೋ ನಲವತ್ನಾಲ್ಕೋ ಇರ್ಬೇಕು. ಹೆಚ್ಚುಕಮ್ಮಿ ಪ್ರತಿ ತಂಡದಲ್ಲೂ ಒಬ್ಬರಾದ್ರೂ ನಡುದಾರೀಲಿ ಕೈಚೆಲ್ತಾರೆ. ಅವರ ಜೊತೆ ಇಳಿಯೋರು ಯಾರು? ನಾನೇ. ಒಂದ್ಸಲ ತುದಿ ಇನ್ನು ನಲವತ್ತು ಹೆಜ್ಜೆ ಇತ್ತು. ಅಲ್ಲಿಂದಲೂ ಇಳಿದಿದೀನಿ."

ಬೆಟ್ಟದ ಕೆಳಗಿನ ಪೇಟೆಯಲ್ಲಿ ಅವರ ಮನೆ ಎಂದರೆ ಎರಡು ಕೋಣೆ. ಮುಂದಿನದರಲ್ಲಿ ಕಿಟಕಿಗೆ ಆನಿಸಿ ಹೊಲಿಗೆ ಯಂತ್ರವಿದೆ. ಹರಿದ ಡೇರೆಯ ಬಟ್ಟೆ ನೆಲದ ತುಂಬ ಹರಡಿ, ಒಳಕೋಣೆಯ ಹೊಸ್ತಿಲು ದಾಟಿ ಮಂಚದ ಕಾಲಿನವರೆಗೂ ಹೋಗಿರುತ್ತದೆ. ಯಂತ್ರದ ಮುಂದೆ ಕೂತಿರುವವರು ಗಂಡ. ಒಂದು ಕಾಲದಲ್ಲಿ ಹಮಾಲರಾಗಿ ಮೂವತ್ತು ಕಿಲೋ ಹೊತ್ತು ಹತ್ತುತ್ತಿದ್ದವರು. ಮಂಡಿ ಕೈಕೊಟ್ಟ ಮೇಲೆ ಡೇರೆ, ಚೀಲ, ಬೂಟುಗಳ ರಿಪೇರಿ ಹಿಡಿದಿದ್ದಾರೆ. ಒಳಗಿನ ಮಂಚದ ಮೇಲೆ ಎಂಬತ್ತು ದಾಟಿದ ಅತ್ತೆ. ಸೊಸೆ ಪ್ರತಿ ಸಲ ಮನೆಗೆ ಬಂದು ಬೂಟು ಕಳಚುವಾಗಲೂ ಅಜ್ಜಿಯದು ಒಂದೇ ಪ್ರಶ್ನೆ.

"ಈ ಸಲನಾದ್ರೂ ಮೇಲೆ ಹೋದ್ಯೇನೆ?"

"ಇಲ್ಲ ಅತ್ತೆ."

"ಹಂಗಾದ್ರೆ ಐದು ದಿನ ಅಲ್ಲಿ ಏನು ಮಾಡ್ತಿದ್ದೆ? ಗಾಳಿ ಕುಡೀತಿದ್ಯಾ?"

ಗಂಡ ಯಂತ್ರ ತುಳಿಯುವುದನ್ನು ನಿಲ್ಲಿಸಿ ನಗುತ್ತಾರೆ. ಕೊನೆಯಕ್ಕನೂ ನಗುತ್ತಾರೆ. ಅಜ್ಜಿ ಮಾತ್ರ ನಗುವುದಿಲ್ಲ, ಅವರು ಕೇಳಿದ್ದು ನಿಜವಾಗಿಯೇ.

ಕೊನೆಯಕ್ಕ ಈ ಕೆಲಸಕ್ಕೆ ಬಂದದ್ದು ಪಾತ್ರೆ ತೊಳೆಯುತ್ತ. ಮದುವೆಯಾದ ಹೊಸತರಲ್ಲಿ ಕೆಳಗಿನ ಶಿಬಿರದ ಅಡುಗೆ ಡೇರೆಯಲ್ಲಿ ಪಾತ್ರೆಯ ಕೆಲಸಕ್ಕಿದ್ದರು. ತಂಡ ಮೇಲಕ್ಕೆ ಹೋದಾಗ ಸೀಮೆಎಣ್ಣೆಯ ಡಬ್ಬ ಹೊತ್ತು ಹಿಂದೆ ಹಿಂದೆ ಹೋಗುತ್ತಿದ್ದರು. ಮೇಲಿನ ಶಿಬಿರ ತಲುಪಿದ ಮೇಲೆ ದಾರಿಯಲ್ಲಿ ಯಾರ್ಯಾರೋ ಬೀಳಿಸಿಕೊಂಡ ಟೋಪಿ, ಕಾಲುಚೀಲ, ಒಮ್ಮೆಯಂತೂ ಒಂದು ಕ್ಯಾಮೆರಾ, ಎಲ್ಲವನ್ನೂ ಮಡಿಲಿನಿಂದ ತೆಗೆದು ಕೊಡುತ್ತಿದ್ದರು. ಆಗಿನ ಮುಖ್ಯ ಗೈಡ್ ಅದನ್ನು ನೋಡಿ, "ಬಿದ್ದ ಸಾಮಾನು ಬಿಡದೆ ತರ್ತೀಯ. ಬಿದ್ದ ಜನಾನೂ ತರ್ತೀಯಾ?" ಎಂದು ಕೇಳಿದರಂತೆ. ತಮಾಷೆಗೆ ಅಂದ ಮಾತು ಉದ್ಯೋಗವಾಯಿತು.

ಆರನೆಯ ವರ್ಷ ನಡೆದದ್ದನ್ನು ಅವರು ತಾವಾಗಿ ಹೇಳುವುದಿಲ್ಲ. ಕೇಳಿದರೆ ಮುಚ್ಚಿಡುವುದೂ ಇಲ್ಲ.

ಅಂದು ತಂಡದಲ್ಲಿ ಹದಿನಾಲ್ಕು ಜನ. ಶಿಖರ ಮುಟ್ಟಿ ಇಳಿಯುವಾಗ ದಟ್ಟವಾಗಿ ಮಂಜು ಕವಿಯಿತು. ಬಂಡೆಗಳ ಬಯಲಿನಲ್ಲಿ ಸಾಲು ನಿಲ್ಲಿಸಿ ಆಕೆ ತಲೆ ಎಣಿಸಿದರು. ಹದಿನಾಲ್ಕು. ಮತ್ತೊಮ್ಮೆ ಎಣಿಸಿದರು, ಹದಿನಾಲ್ಕೇ. ಸಮಾಧಾನದಿಂದ ಇಳಿದರು. ಶಿಬಿರದಲ್ಲಿ ಚಹಾ ಬಗ್ಗಿಸುವಾಗ ಕಿತ್ತಳೆ ಬಣ್ಣದ ಜಾಕೆಟ್ಟಿನ ಒಬ್ಬ ಲೋಟ ಹಿಡಿದು ಸುತ್ತ ನೋಡಿ, "ಇದು ನಮ್ಮ ಕ್ಯಾಂಪ್ ಅಲ್ವಲ್ಲ?" ಎಂದ. ಮಂಜಿನಲ್ಲಿ ಬೇರೆ ತಂಡದವನೊಬ್ಬ ಇವರ ಸಾಲಿಗೆ ಸೇರಿಕೊಂಡಿದ್ದ. ಲೆಕ್ಕ ಸರಿಯಾಗಿತ್ತು. ಮನುಷ್ಯ ಬೇರೆಯವನಾಗಿದ್ದ.

"ನನ್ನ ಕೈಯಲ್ಲಿ ಚಹಾದ ಕೆಟ್ಲು ಇತ್ತು. ಅದನ್ನ ಎಲ್ಲಿಟ್ಟೆ ಅಂತ ಇವತ್ತಿಗೂ ಗೊತ್ತಿಲ್ಲ."

ಬಂದ ದಾರಿಯಲ್ಲೇ ಒಬ್ಬರೇ ಓಡಿದರು. ಗೈಡ್ ಇನ್ನಿಬ್ಬರನ್ನು ಕರೆದುಕೊಂಡು ಹಿಂದಿನಿಂದ ಬಂದ. ತಪ್ಪಿಸಿಕೊಂಡಿದ್ದವನು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಯುವಕ. ಮೂತ್ರಕ್ಕೆಂದು ಬಂಡೆಯ ಮರೆಗೆ ಹೋದವನಿಗೆ ಮರಳಿ ಬರುವಷ್ಟರಲ್ಲಿ ಸಾಲು ಕಂಡಿರಲಿಲ್ಲ. ಎರಡೂವರೆ ಗಂಟೆ ಕಾಲ ಅಲ್ಲೇ ಕೂತಿದ್ದ. ಕಾಲು ಉರಿಯುತ್ತದೆಂದು ಒಂದು ಬೂಟು ಕಳಚಿಟ್ಟಿದ್ದ. ಕೊನೆಯಕ್ಕ ಕೂಗುತ್ತ ಹೋಗಿ ಅವನೆದುರು ನಿಂತಾಗ ಅವನು ಅಳಲಿಲ್ಲ, ಬೈಯಲೂ ಇಲ್ಲ. "ನಾನಿಲ್ಲ ಅಂತ ಗೊತ್ತಾಗೋಕೆ ಇಷ್ಟು ಹೊತ್ತು ಬೇಕಾಯ್ತಾ?" ಎಂದು ಕೇಳಿದ, ಅಷ್ಟೆ.

ಅವನ ಜೀವ ಉಳಿಯಿತು. ಚಳಿಗೆ ಮರಗಟ್ಟಿದ್ದ ಎಡಗಾಲಿನ ಎರಡು ಬೆರಳು ಹೋದವು. ಚಾರಣ ನಡೆಸುವ ಕಂಪನಿಯವರು ವರದಿಯಲ್ಲಿ ಕಾರಣ 'ಮಂಜು' ಎಂದು ಬರೆದರು. ಸಹಿ ಹಾಕಬೇಕಾದಾಗ ಕೊನೆಯಕ್ಕ ಪೆನ್ನು ಕೆಳಗಿಟ್ಟರು. "ಮಂಜು ದಿನಾ ಬರುತ್ತೆ ಸಾರ್. ಮುಖ ನೋಡದೆ ತಲೆ ಎಣಿಸಿದ್ದು ನಾನು. ಅದನ್ನ ಬರೀರಿ," ಎಂದರು. ಮ್ಯಾನೇಜರ್ ಬರೆಯಲಿಲ್ಲ. ಆಕೆ ಸಹಿಯನ್ನೂ ಹಾಕಲಿಲ್ಲ.

ಅಂದಿನಿಂದ ಅವರು ಎಣಿಸುವುದನ್ನೇ ಬಿಟ್ಟರು. ಅದರ ಬದಲು ಹಿಮ್ಮಡಿಗಳನ್ನು ಕಲಿಯುತ್ತಾರೆ. ತಂಡ ಬಂದ ಮೊದಲ ಸಂಜೆ, ಎಲ್ಲರೂ ಬೂಟು ಬಿಚ್ಚಿ ಒಣಗಲಿಟ್ಟಾಗ ಆ ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದರ ಹಿಂಭಾಗವನ್ನೂ ನೋಡುತ್ತಾರೆ: ಯಾರದು ಹೊರಗಡೆ ಸವೆದಿದೆ, ಯಾರದು ಒಳಗಡೆ, ಯಾರ ಲೇಸು ಯಾವ ಗಂಟು. ಮರುದಿನ ನಡೆಯುವಾಗ ಯಾರು ಕಾಲೆಳೆಯುತ್ತಾರೆ, ಯಾರು ಕುಪ್ಪಳಿಸುತ್ತಾರೆ ಎನ್ನುವುದು ತಲೆಯಲ್ಲಿ ಕೂರುತ್ತದೆ. "ಪೇಟೇಲಿ ಯಾರೋ ಬಂದು, ಅಕ್ಕಾ ನೆನಪಿದೀನಾ ಅಂತಾರೆ. ಮುಖ ನೋಡಿದ್ರೆ ನಂಗೆ ಏನೂ ಹೊಳೆಯಲ್ಲ. ಸ್ವಲ್ಪ ತಿರುಗಿ ನಡೀರಿ ಅಂತೀನಿ. ಆಗ ಹೇಳಿಬಿಡ್ತೀನಿ, ಯಾವ ವರ್ಷ, ಯಾವ ತಂಡ ಅಂತ."

ಈ ದಿನದ ತಂಡದಲ್ಲಿ ಅವರ ಕಣ್ಣು ಬೆಳಗಿನಿಂದಲೂ ಒಂದು ಜೊತೆ ಕಂದು ಬೂಟಿನ ಮೇಲಿದೆ. ಅದರ ಒಡೆಯರು ಐವತ್ತಾರು ವರ್ಷದ ಡ್ರೈವಿಂಗ್ ಮೇಷ್ಟರು. ಹೆಂಡತಿಯ ತಮ್ಮನೊಂದಿಗೆ ಬಂದಿದ್ದಾರೆ. "ಭಾವನಿಗೆ ಆಗಲ್ಲ" ಎಂದು ಆ ಭಾವಮೈದುನ ಮನೆಮಂದಿಯ ಎದುರು ಅಂದದ್ದೇ ಇವರು ಬರಲು ಕಾರಣ. ನಿನ್ನೆ ಸಂಜೆ ಸೂಪು ಕುಡಿಯುತ್ತ ಕೊನೆಯಕ್ಕ ಅವರನ್ನು ಮಾತಿಗೆಳೆದಿದ್ದರು. ಗಾಡಿ ಹತ್ತಿದ ಕೂಡಲೇ ಮೊದಲು ಏನು ಮಾಡಬೇಕು ಎಂದು ಕೇಳಿದ್ದಕ್ಕೆ ಮೇಷ್ಟರು ಬೆರಳು ಮಡಚುತ್ತ, "ಸೀಟು, ಕನ್ನಡಿ, ಬೆಲ್ಟು, ಆಮೇಲೆ ಕೀ. ಇಪ್ಪತ್ತಾರು ವರ್ಷದಿಂದ ಇದೇ ಹೇಳ್ಕೊಡ್ತಿದೀನಿ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ," ಎಂದಿದ್ದರು. ಕೊನೆಯಕ್ಕ ಹೀಗೆ ಪ್ರತಿಯೊಬ್ಬರಿಂದಲೂ, ಅವರು ಎಂದೂ ಮರೆಯಲಾರದ ಒಂದು ವಿಷಯ ಕೇಳಿಟ್ಟುಕೊಳ್ಳುತ್ತಾರೆ. ಯಾಕೆಂದು ಯಾರಿಗೂ ಹೇಳುವುದಿಲ್ಲ.

ಹತ್ತೂಕಾಲರ ಹೊತ್ತಿಗೆ ತಂಡ ಐದು ಸಾವಿರದ ನಾನೂರು ಮೀಟರ್ ಮುಟ್ಟಿದೆ. ಶಿಖರ ಎದುರಿಗೇ ಕಾಣುತ್ತಿದೆ, ಇನ್ನು ನೂರೈವತ್ತು ಮೀಟರ್ ಏರಬೇಕು. ಮೇಷ್ಟರ ಎಡಗಾಲು ಬಲಗಾಲಿಗೆ ಅಡ್ಡ ಬೀಳತೊಡಗಿದೆ. ಕುಡಿದವರು ಗೆರೆಯ ಮೇಲೆ ನಡೆಯಲು ಹೋದ ಹಾಗೆ. ಕೊನೆಯಕ್ಕ ಎರಡು ದಾಪುಗಾಲಿಟ್ಟು ಅವರ ಪಕ್ಕಕ್ಕೆ ಬರುತ್ತಾರೆ.

"ಮೇಷ್ಟ್ರೇ, ಗಾಡಿ ಹತ್ತಿದ ಮೇಲೆ ಮೊದಲು ಏನು ಮಾಡ್ಬೇಕು?"

ಮೇಷ್ಟರು ನಿಲ್ಲುತ್ತಾರೆ. ಬಹಳ ಹೊತ್ತು ಯೋಚಿಸುತ್ತಾರೆ. "ಹಾರನ್," ಎನ್ನುತ್ತಾರೆ.

"ಆಮೇಲೆ?"

"ಯಾವ ಗಾಡಿ?"

ಕೊನೆಯಕ್ಕ ಅವರ ಊರುಗೋಲು ತೆಗೆದುಕೊಂಡು ಹಿಮಕ್ಕೆ ಚುಚ್ಚುತ್ತಾರೆ. "ಸಾಕು. ನಾವಿಬ್ಬರೂ ಇಲ್ಲಿಂದ ಇಳಿಯೋಣ."

ಆಮೇಲಿನ ಹತ್ತು ನಿಮಿಷ ನೋಡಲು ಚೆಂದವಿರಲಿಲ್ಲ. ಮೇಲಿನಿಂದ ಭಾವಮೈದುನ, "ಭಾವಾ, ಬನ್ನಿ, ಇನ್ನು ಇಷ್ಟೇ ಇಷ್ಟು! ನಾನು ಕೈ ಹಿಡ್ಕೋತೀನಿ," ಎಂದು ಕೂಗಿದ. ಮೇಷ್ಟರು ಆಕೆಯ ಕೈ ಕೊಡವಿ, "ನೀನ್ಯಾರು ನನ್ನ ನಿಲ್ಲಿಸೋಕೆ? ಪಾತ್ರೆ ತೊಳೆಯೋಳು!" ಎಂದರು. ಈ ಸುದ್ದಿ ಅವರಿಗೆ ಯಾರು ಹೇಳಿದ್ದರೋ. ಕೊನೆಯಕ್ಕ ವಾದಕ್ಕಿಳಿಯಲಿಲ್ಲ. ಅವರ ದಾರಿಗೆ ಅಡ್ಡವಾಗಿ ಹಿಮದ ಮೇಲೆ ಕೂತುಬಿಟ್ಟರು. "ತೊಳೀತಿದ್ದೆ, ಹೌದು. ನೀವೂ ಕೂತ್ಕೊಳ್ಳಿ. ಕೋಪ ಇಳಿದ ಮೇಲೆ ಬೆಟ್ಟ ಇಳಿಯೋಣ." ಭಾವಮೈದುನನಿಗೆ, "ನೀವು ಹೋಗಿ ಬನ್ನಿ. ಭಾವನ್ನ ನನಗೆ ಬಿಡಿ," ಎಂದರು. ಸಾಲಿನ ನಡುವೆ ನಡೆಯುತ್ತಿದ್ದ ಇನ್ನೊಬ್ಬ ಗೈಡ್ ಆಕೆಯ ಬದಲು ಸಾಲಿನ ಕೊನೆಗೆ ಬಂದು ನಿಂತ. ಉಳಿದ ಹತ್ತು ಜನ ಮೇಲಕ್ಕೆ ಹೋದರು.

ಎತ್ತರದಲ್ಲಿ ಉಸಿರಿಗೆ ಗಾಳಿ ಸಾಲದೆ ಮಿದುಳು ಊದಿಕೊಂಡರೆ ಮಾಡಬಹುದಾದ ಮೊದಲ ಉಪಾಯ ಇಳಿಯುವುದು, ಕೂಡಲೇ ಇಳಿಯುವುದು. ಕೊನೆಯಕ್ಕ ಮೇಷ್ಟರ ಸೊಂಟಕ್ಕೂ ತಮ್ಮ ಸೊಂಟಕ್ಕೂ ಹಗ್ಗ ಬಿಗಿದರು. ಮೇಷ್ಟರು ಮೂರು ಸಲ ಬಿದ್ದರು, ಎರಡು ಸಲ ವಾಂತಿ ಮಾಡಿಕೊಂಡರು, ಒಮ್ಮೆ ಆಕೆಯನ್ನು ತಮ್ಮ ಅಕ್ಕನ ಹೆಸರು ಹಿಡಿದು ಕರೆದರು. ಮೇಲಿನ ಶಿಬಿರದಲ್ಲಿ ಅವರು ಮಲಗುತ್ತೇನೆಂದು ಗೋಗರೆದರೂ ಆಕೆ ನಿಲ್ಲಲು ಬಿಡಲಿಲ್ಲ. ಮಾತ್ರೆ ನುಂಗಿಸಿ, ಒಂದು ಗುಟುಕು ನೀರು ಕುಡಿಸಿ, ಅಡುಗೆಯವನನ್ನು ಇನ್ನೊಂದು ಹೆಗಲಿಗೆ ಕರೆದುಕೊಂಡು ಮತ್ತೆ ಇಳಿದರು. ಮಧ್ಯಾಹ್ನ ಮೂರೂವರೆಗೆ ಮೂರು ಸಾವಿರದ ಒಂಬೈನೂರು ಮೀಟರಿನ ಕೆಳಗಿನ ಶಿಬಿರ.

ಅಲ್ಲಿ ಅರ್ಧ ಬಟ್ಟಲು ಸೂಪು ಕುಡಿದು ಮೇಷ್ಟರು ಡೇರೆಯ ಗೋಡೆ ನೋಡುತ್ತ ಕೂತಿದ್ದರು. ಯಾರೂ ಕೇಳದಿದ್ದರೂ, "ಸೀಟು," ಎಂದರು. "ಕನ್ನಡಿ. ಬೆಲ್ಟು. ಆಮೇಲೆ ಕೀ."

ಕೊನೆಯಕ್ಕ ಅಲ್ಲಿಯವರೆಗೂ ಹಗ್ಗ ಬಿಚ್ಚಿರಲಿಲ್ಲ. ಈಗ ಬಿಚ್ಚಿದರು.

"ಇನ್ನೆಷ್ಟಿತ್ತು?" ಮೇಷ್ಟರು ಕೇಳಿದರು.

"ನೂರೈವತ್ತು ಮೀಟರ್."

ಅವರು ಗೋಡೆಗೆ ಮುಖ ತಿರುಗಿಸಿ ಮಲಗಿದರು. ಥ್ಯಾಂಕ್ಸ್ ಹೇಳಲಿಲ್ಲ. ಅಂಥದ್ದಕ್ಕೆ ಆಕೆ ಕಾಯುವುದೂ ಇಲ್ಲ. ಕಂಪನಿಯ ಕಚೇರಿಯಲ್ಲಿ ಅವರ ಮೇಲಿನ ದೂರುಗಳಿಗೆಂದೇ ಒಂದು ಫೈಲು ಇದೆ. 'ತುದಿಗೆ ಹೋಗಲು ಬಿಡಲಿಲ್ಲ', 'ಒರಟಾಗಿ ಮಾತಾಡಿದರು', 'ನನ್ನ ಕೋಲು ಕಸಿದರು'. ಈಗಿನ ಮ್ಯಾನೇಜರ್ ಫೈಲಿನ ದಪ್ಪವನ್ನು ಹೆಬ್ಬೆರಳಿನಿಂದ ಅಳೆದು ತೋರಿಸುತ್ತಾರೆ. "ಪ್ರತಿ ವರ್ಷ ಏಳೆಂಟು ಬರ್ತವೆ. ಓದಿ ಇಡ್ತೀನಿ. ದೂರು ಬರೆಯೋಕೆ ಎಲ್ಲರೂ ಬದುಕಿ ಬಂದಿರ್ತಾರಲ್ಲ."

ಮಂಡಿಗಳು ಇನ್ನು ನಾಲ್ಕೈದು ವರ್ಷ ಬಾಳಿಕೆ ಬಂದಾವು ಎನ್ನುವುದು ಕೊನೆಯಕ್ಕನ ಅಂದಾಜು. ಅಷ್ಟರಲ್ಲಿ ಒಬ್ಬರಿಗಾದರೂ ಈ ಕೆಲಸ ಕಲಿಸಬೇಕೆಂಬ ಆಸೆ. ಕೇಳಿಕೊಂಡು ಬರುವವರು ಯಾರೂ ಇಲ್ಲ. "ಎಲ್ಲರಿಗೂ ಮುಂದೇನೇ ನಡೀಬೇಕು. ಸೀಟಿ ಊದ್ಬೇಕು. ಹಿಂದೆ ನಡೆಯೋದು ಕಲಿಯೋ ವಿದ್ಯೆ ಅಂತ ಯಾರಿಗೂ ಅನ್ಸಲ್ಲ. ಕಾಲು ಎತ್ತಿಡೋದು ಒಂದು ದಿನದ ಕಲಿಕೆ. ನಿಲ್ಲೋದು ಕಲಿಯೋಕೆ ನಂಗೆ ಹತ್ತು ವರ್ಷ ಹಿಡೀತು."

ಮರುದಿನ ಸಂಜೆ ಇಡೀ ತಂಡ ಕೆಳಗಿಳಿಯುತ್ತದೆ. ಶಿಖರ ಮುಟ್ಟಿದವರು ಮುಂದೆ, ಗಟ್ಟಿಯಾಗಿ ಮಾತಾಡುತ್ತ. ಮೇಷ್ಟರು ದಿನವಿಡೀ ಕೊನೆಯಕ್ಕನಿಗಿಂತ ಎರಡೇ ಹೆಜ್ಜೆ ಮುಂದೆ ನಡೆದಿದ್ದಾರೆ. ಅರಣ್ಯ ಇಲಾಖೆಯ ಗೇಟು ಕಾಣುವ ಕೊನೆಯ ತಿರುವಿನಲ್ಲಿ ಅವರು ಬದಿಗೆ ಸರಿದು ನಿಲ್ಲುತ್ತಾರೆ.

"ನೀವು ಮುಂದೆ ಹೋಗಿ," ಎನ್ನುತ್ತಾರೆ. ನಿನ್ನೆ 'ನೀನು' ಎಂದಿದ್ದವರು.

"ಬೇಡ ಮೇಷ್ಟ್ರೇ. ನೀವು ನಡೀರಿ."

ಮೇಷ್ಟರು ನಡೆಯುತ್ತಾರೆ. ಗೇಟಿನ ಕಾವಲುಗಾರ ಒಬ್ಬೊಬ್ಬರನ್ನೇ ಹೊರಬಿಟ್ಟು, ಬೀಗ ಕೈಯಲ್ಲಿ ಹಿಡಿದು ದಾರಿಯತ್ತ ನೋಡುತ್ತಾನೆ. ಕೆಲಸಕ್ಕೆ ಹೊಸಬ.

"ಎಲ್ಲರೂ ಬಂದ್ರಾ? ಹಿಂದೆ ಇನ್ನೂ ಯಾರಾದ್ರೂ ಇದಾರಾ?"

ಕೊನೆಯಕ್ಕ ಚೀಲ ಇಳಿಸಿ, ಬೂಟಿನ ಲೇಸು ಸಡಿಲಿಸಲು ಬಗ್ಗುತ್ತಾರೆ.

"ನಾನು ಬಂದಿದೀನಲ್ಲ," ಎನ್ನುತ್ತಾರೆ. "ಹಾಕ್ಕೊಳ್ಳಪ್ಪ ಬೀಗ."