ಕಾರಣ ಬರೆಯದ ಪುಟ

ಅಕ್ಕನ ಕೊರಳಲ್ಲಿ ಸದಾ ಒಂದು ಪೆನ್ನು ನೇತಾಡುತ್ತಿತ್ತು. ಅದನ್ನು ಕಟ್ಟಿದ್ದು ದಾರದಲ್ಲಲ್ಲ. ಹಾಳಾದ ನೆಟ್‌ವರ್ಕ್ ಕೇಬಲ್ಲನ್ನು ಸೀಳಿ ತೆಗೆದ, ಕಿತ್ತಳೆ ಮತ್ತು ಬಿಳಿ ಬಣ್ಣದ ಎರಡೆಳೆ ಹೊಸೆದುಕೊಂಡ ತಂತಿಯಲ್ಲಿ. ಮೈಮೇಲೆ ಇಸ್ತ್ರಿ ಮಾಡಿದ ಹತ್ತಿ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ, ಎದೆಯ ಮೇಲೆ ಆ ಪೆನ್ನು. ವಡೋದರಾದ ಮಕರಪುರದಲ್ಲಿ ಟ್ರಾನ್ಸ್‌ಫಾರ್ಮರಿನ ಬಿಡಿಭಾಗ ಮಾಡುವ ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ‘ಸರ್ವರ್‌ವಾಳಾ ಬೆನ್’ ಎನ್ನುತ್ತಿದ್ದರು. ಅಷ್ಟೂ ಕಂಪ್ಯೂಟರುಗಳು ನಂಬಿಕೊಂಡಿದ್ದ ಸರ್ವರ್ ಅವರ ಸುಪರ್ದಿಯಲ್ಲಿತ್ತು. ಬೆನ್ ಅಂದರೂ ಅಕ್ಕನೇ ತಾನೇ ಎಂದು ನಾನು ಕನ್ನಡದಲ್ಲಿ ಅಕ್ಕ ಎಂದೇ ಕರೆದೆ.

ನನ್ನಪ್ಪನದು ಸೂರತ್ತಿನ ಉಧ್ನಾ ಸ್ಟೇಷನ್ನಿನ ಹತ್ತಿರ ಉಡುಪಿ ಹೋಟೆಲು. ಇಡ್ಲಿ ಹಿಟ್ಟಿನ ವಾಸನೆಯಿಂದ ತಪ್ಪಿಸಿಕೊಳ್ಳಲು ಕಂಪ್ಯೂಟರ್ ಕಲಿತವನು ನಾನು. ಅಕ್ಕ ಹುಬ್ಬಳ್ಳಿಯವರು, ಮದುವೆಯಾಗಿ ಗುಜರಾತಿಗೆ ಬಂದು ಮೂವತ್ತು ವರ್ಷವಾಗಿತ್ತು. ಮೊದಲ ದಿನ ನನ್ನ ಮಾತು ಕೇಳಿ ಬಿದ್ದು ಬಿದ್ದು ನಕ್ಕರು.

“ನಿನ್ನ ಕನ್ನಡ ಸೂರತ್ ಸೀರಿ ಇದ್ದಂಗ ಐತಿ ನೋಡಪಾ. ಹೊಳಪು ಭಾಳ, ಬಾಳಿಕಿ ಇಲ್ಲ.”

ನಗು ಮುಗಿದ ಮೇಲೆ ದಪ್ಪ ರಟ್ಟಿನ ಒಂದು ಪುಸ್ತಕ ಮುಂದಿಟ್ಟರು. ಯಾವ ಯಂತ್ರ ಎಲ್ಲಿದೆ, ಅದರ ನೆಟ್‌ವರ್ಕ್ ಅಡ್ರೆಸ್ ಯಾವುದು, ತಯಾರಾಗುವಾಗಲೇ ಅದಕ್ಕೆ ಬಂದ ಹುಟ್ಟು ನಂಬರು ಯಾವುದು, ಯಾವ ದಿನ ಏನು ಕೆಟ್ಟಿತು, ಯಾಕೆ ಕೆಟ್ಟಿತು, ಎಲ್ಲ ಅದರಲ್ಲಿತ್ತು. ಕಾಗದ ಉಳಿಸುವ ಹಟಕ್ಕೆ ಅಂಚಿನವರೆಗೂ ಬರೆಯುತ್ತಿದ್ದರು. ಆ ಪುಸ್ತಕಕ್ಕೆ ಒಂದು ಕಟ್ಟಳೆಯಿತ್ತು: ಏನನ್ನಾದರೂ ಬದಲಿಸುವ ಮೊದಲು ಬರೆಯಬೇಕು, ಕೆಟ್ಟರೆ ‘ಕಾರಣ’ ಎಂಬ ಸಾಲನ್ನು ಕೆಡಿಸಿದವರೇ ತಮ್ಮ ಕೈಯಾರೆ ತುಂಬಬೇಕು.

“ಒಬ್ರ ತಪ್ಪು ಇನ್ನೊಬ್ರು ಬರದ್ರ ಅದು ಚಾಡಿ ಆಗ್ತೈತಿ. ತಾನ ಬರಕೊಂಡ್ರ ಪಾಠ ಆಗ್ತೈತಿ,” ಎನ್ನುತ್ತಿದ್ದರು. ಆ ಪುಸ್ತಕದಲ್ಲಿ ಅವರ ಕೈಯಲ್ಲೇ ಬರೆದ ಅವರ ತಪ್ಪುಗಳು ಹತ್ತಾರಿದ್ದವು. ಒಂದು ಕಡೆ, ‘ಕಾರಣ: ನನ್ನ ಸೊಕ್ಕು. ಬ್ಯಾಕಪ್ ತೆಗೆಯದೆ ಕೈ ಹಾಕಿದೆ’ ಎಂದಿತ್ತು.

ಕಲಿಸುವ ರೀತಿಯೂ ಹಾಗೇ. ಯಾರದಾದರೂ ಕಂಪ್ಯೂಟರ್ ಸರ್ವರಿಗೆ ಸೇರುತ್ತಿಲ್ಲ ಎಂದರೆ ನಾನು ದೊಡ್ಡ ದೊಡ್ಡ ಕಮಾಂಡು ಹೊಡೆಯಲು ಕೂರುತ್ತಿದ್ದೆ. ಅಕ್ಕ ನನ್ನ ಕಿವಿ ಹಿಂಡಿ ಮೇಜಿನ ಕೆಳಗೆ ತೂರಿಸುತ್ತಿದ್ದರು. “ಹೊಟ್ಟಿ ನೋವು ಅಂದ್ರ ಮೊದ್ಲ ಏನ್ ತಿಂದಿ ಅಂತ ಕೇಳ್ತಾರಪಾ, ಒಮ್ಮೆಗೇ ಕೊಯ್ಯಂಗಿಲ್ಲ. ಮೊದ್ಲ ಕರೆಂಟ್ ನೋಡು. ಆಮ್ಯಾಲ ಕೇಬಲ್ ನೋಡು, ಲೈಟ್ ನೋಡು. ನಿನ್ನ ಶ್ಯಾಣ್ಯಾತನ ಕಡೀಕ.” ಹತ್ತರಲ್ಲಿ ಏಳು ಸಲ ಕೇಬಲ್ಲೇ ಕಳಚಿರುತ್ತಿತ್ತು. ಮಧ್ಯಾಹ್ನ ತಮ್ಮ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಡಬ್ಬಿಗೆ ಹಾಕುತ್ತಿದ್ದರು, ಬೇಡವೆಂದರೆ ಬೈಯುತ್ತಿದ್ದರು.

ಇಂಥವರಿಗೆ ನಾನು ಮಾಡಿದ್ದೇನು, ಹೇಳುತ್ತೇನೆ.

ಸರ್ವರನ್ನು ಬುಡದಿಂದ ಕಟ್ಟುವುದನ್ನು ಅಕ್ಕನಿಗೆ ಗೊತ್ತಾಗದಂತೆ ಕಲಿತು, ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂಬ ಚಪಲ ನನಗೆ. ಸ್ಟೋರ್ ರೂಮಿನಲ್ಲಿದ್ದ ಒಂದು ಹಳೇ ಕಂಪ್ಯೂಟರನ್ನು ಒರೆಸಿ ಎಬ್ಬಿಸಿದೆ. ಅಕ್ಕನ ಪುಸ್ತಕದ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಅವರ ಸರ್ವರಿನ ಒಂದೊಂದು ಸೆಟ್ಟಿಂಗನ್ನೂ ಚಾಚೂ ತಪ್ಪದೆ ಅದಕ್ಕಿಳಿಸಿದೆ. ಅಡ್ರೆಸ್ಸನ್ನೂ! ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರು ಬರೆದಂತಾಯಿತು. ಒಂದು ಬೆಳಿಗ್ಗೆ ಅದಕ್ಕೆ ನೆಟ್‌ವರ್ಕ್ ಕೇಬಲ್ ಚುಚ್ಚಿದೆ. ಪರದೆಯ ಮೇಲೆ ಏನೋ ಎಚ್ಚರಿಕೆ ಬಂತು. ಓದದೆ ‘ಸರಿ’ ಗುಂಡಿ ಒತ್ತಿದೆ. ಪುಸ್ತಕದಲ್ಲಿ ಬರೆಯಲೂ ಇಲ್ಲ.

ಹತ್ತು ಗಂಟೆಗೆ ಕಾರ್ಖಾನೆ ನಿಂತಿತು. ಕಂಪ್ಯೂಟರುಗಳು ಒಮ್ಮೆ ಸರ್ವರನ್ನು ಹುಡುಕಿಕೊಂಡರೆ ಇನ್ನೊಮ್ಮೆ ನನ್ನ ಯಂತ್ರದ ಬಾಗಿಲು ಬಡಿದು ವಾಪಸಾಗುತ್ತಿದ್ದವು. ಗೇಟ್ ಪಾಸ್ ಮುದ್ರಣವಾಗದೆ ಲಾರಿಗಳು ಸಾಲುಗಟ್ಟಿದವು. ಮ್ಯಾನೇಜರು ಕೂಗಾಡಿದರು. ಅಕ್ಕ ಸೆರಗು ಸಿಕ್ಕಿಸಿ, ನೋಯುವ ಮಂಡಿಯಲ್ಲೇ ಒಂದೊಂದು ಮೇಜಿನ ಕೆಳಗೂ ತೆವಳಿ ಕೇಬಲ್ ನೋಡುತ್ತ ಹೋದರು. ಹಿಂದೆ ಟಾರ್ಚ್ ಹಿಡಿದವನು ನಾನೇ. ನಾಲ್ಕು ತಾಸು. ದೇವರಾಣೆ, ಮಧ್ಯಾಹ್ನ ಎರಡು ಗಂಟೆಯವರೆಗೂ ನನಗೆ ಹೊಳೆದಿರಲಿಲ್ಲ. ಹೊಳೆದ ಕೂಡಲೇ ಸ್ಟೋರ್ ರೂಮಿಗೆ ಓಡಿ ಕೇಬಲ್ ಕಿತ್ತೆ. ಎಲ್ಲ ಸರಿಯಾಯಿತು.

ಅಷ್ಟೇ ಆಗಿದ್ದರೆ ಅದು ತಪ್ಪು ಮಾತ್ರ. ಕೈಯಲ್ಲಿ ಕೇಬಲ್ ಹಿಡಿದು ಹೊರಬಂದವನಿಗೆ ಮ್ಯಾನೇಜರು ಎದುರಾದರು.

“ಮಿಲ್ ಗಯಾ? ಕ್ಯಾ ಥಾ?” ಸಿಕ್ಕಿತೇ, ಏನಾಗಿತ್ತು ಎಂದರು.

“ಹಾಂ ಸರ್. ಕೇಬಲ್ ಲೂಸ್ ಥಾ,” ಎಂದೆ.

ಅವರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಮೇಜಿನ ಕೆಳಗಿಂದ ಅಕ್ಕ ಎದ್ದು ಬಂದರು. ತಲೆಯ ತುಂಬ ಧೂಳು. ನಾಲ್ಕು ತಾಸು ಕೇಬಲ್ ಹುಡುಕಿದವರಿಗೇ ಕೇಬಲ್ ಕಾಣಲಿಲ್ಲವೆಂದು ನಾನು ಸಾರಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಸಂಜೆ ಅಕ್ಕ ಪುಸ್ತಕ ತೆರೆದು, ಕೊರಳಿನ ಪೆನ್ನು ಬಿಚ್ಚಿ ನನ್ನತ್ತ ಚಾಚಿದರು. “ಬರದಿಡಪಾ.”

“ಆಮೇಲೆ ಬರೀತೇನೆ ಅಕ್ಕ,” ಎಂದೆ.

ಅವರು ಕನ್ನಡಕ ಒರೆಸಿಕೊಂಡರು. “ಆಗ್ಲಿ. ಆಮ್ಯಾಲ ಬರಿ,” ಎಂದರು.

ಹದಿನೈದು ದಿನಕ್ಕೆ ಕಾರ್ಖಾನೆಯ ಮಾಲೀಕ ಶೇಠ್, ಅಕ್ಕನನ್ನು ಕರೆಸಿ “ಬೆನ್ ಹವೇ ಥಾಕೀ ಗಯಾ ಛೇ” ಎಂದರು. ಬೆನ್ ಈಗ ದಣಿದಿದ್ದಾರೆ ಎಂಬ ಆ ನಯವಾದ ಮಾತಿನಲ್ಲಿ ಅವರ ಇಪ್ಪತ್ತು ವರ್ಷದ ಸರ್ವರ್ ಕೆಲಸ ಮುಗಿಯಿತು. ಅವರನ್ನು ಗೇಟ್ ಪಾಸ್ ಹರಿದುಕೊಡುವ ಕಿಟಕಿಯಲ್ಲಿ ಕೂರಿಸಿದರು. ಸರ್ವರ್ ರೂಮಿನ ಕೀಲಿ ನನಗೆ ಬಂತು. ಅದನ್ನು ನನ್ನ ಕೈಯಲ್ಲಿಟ್ಟವರು ಅಕ್ಕನೇ. ಪುಸ್ತಕವನ್ನೂ ಕೊಟ್ಟರು. ಒಂದು ಕೆಟ್ಟ ಮಾತೂ ಆಡಲಿಲ್ಲ. ಆಗಲಾದರೂ ಬಾಯಿ ಬಿಡಬಹುದಿತ್ತು. ಕೀಲಿ ಜೇಬಿಗೆ ಹಾಕಿಕೊಂಡೆ. ಆರು ತಿಂಗಳಾದ ಮೇಲೆ ಅವರು ಕೆಲಸ ಬಿಟ್ಟರು.

ಮರುವರ್ಷ ಕಂಪನಿ ನನ್ನನ್ನು ಅಹಮದಾಬಾದಿಗೆ ತರಬೇತಿಗೆ ಕಳಿಸಿತು. ಎರಡು ಯಂತ್ರಗಳು ಒಂದೇ ಅಡ್ರೆಸ್ ಹೇಳಿಕೊಂಡರೆ ಸರ್ವರ್ ಆ ಜಗಳವನ್ನು ತನ್ನ ದಾಖಲೆಯಲ್ಲಿ ಬರೆದಿಡುತ್ತದೆ, ಎದುರಾಳಿಯ ಹುಟ್ಟು ನಂಬರಿನ ಸಮೇತ, ಎಂದು ಅಲ್ಲಿ ಕಲಿಸಿದರು. ಎಲ್ಲ ಯಂತ್ರಗಳ ಹುಟ್ಟು ನಂಬರೂ ಅಕ್ಕನ ಪುಸ್ತಕದಲ್ಲಿತ್ತಲ್ಲ!

ವಾಪಸು ಬಂದು, ಅಲ್ಲಿಯವರೆಗೆ ಬೇಕೆಂದೇ ನೋಡದೆ ದಾಟಿಸುತ್ತಿದ್ದ ಪುಟಕ್ಕೆ ಪುಸ್ತಕ ತೆರೆದೆ. ಆ ದಿನದ ಪುಟದಲ್ಲಿ ಅವರ ದುಂಡನೆಯ ಅಕ್ಷರ: ‘ಹತ್ತರಿಂದ ಎರಡು, ನೆಟ್‌ವರ್ಕ್ ಬಂದ್.’ ಕೆಳಗೆ ನನ್ನ ಸ್ಟೋರ್ ರೂಮಿನ ಯಂತ್ರದ ಹುಟ್ಟು ನಂಬರು. ಅದರ ಕೆಳಗೆ ‘ಕಾರಣ:’ ಎಂದು ಬರೆದು ಬಿಟ್ಟಿದ್ದರು. ಅಂಚನ್ನೂ ಬಿಡದೆ ಬರೆಯುತ್ತಿದ್ದವರು ನನಗಾಗಿ ಇಡೀ ಪುಟ ಖಾಲಿ ಬಿಟ್ಟಿದ್ದರು. ಶೇಠ್ ದಣಿದಿದ್ದೀರಿ ಎಂದಾಗ ಈ ಪುಟ ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ.

ಅವರ ಮನೆ ಕಾರ್ಖಾನೆಯಿಂದ ಹದಿನೈದು ನಿಮಿಷದ ದಾರಿ. ಈ ಭಾನುವಾರ ಹೋಗುತ್ತೇನೆ, ಮುಂದಿನ ಭಾನುವಾರ ಹೋಗುತ್ತೇನೆ ಎನ್ನುತ್ತ ಹನ್ನೊಂದು ತಿಂಗಳು ಕಳೆದೆ. ಒಂದು ಬೆಳಿಗ್ಗೆ ಗೇಟಿನ ವಾಚ್‌ಮನ್, ಬೆನ್ ತೀರಿಕೊಂಡರಂತೆ ಎಂದ. ಹೃದಯಾಘಾತವಂತೆ.

ನಾಲ್ಕನೆಯ ದಿನ ಹಣ್ಣು ಹಿಡಿದು ಹೋದೆ. ಬಾಗಿಲು ತೆರೆದ ಮಗಳು ವಡೋದರಾದಲ್ಲೇ ಹುಟ್ಟಿ ಬೆಳೆದವಳು, ಕನ್ನಡ ತಡವರಿಸುತ್ತದೆ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದಳು.

“ಮಮ್ಮಿ ಹೇಳ್ತಿದ್ರು, ಸೂರತ್ ಹುಡುಗ ಒಂದಿನ ಬರ್ತಾನೆ ಅಂತ. ಆಯೇಗಾ ತೋ ಬೈಯಬಾರದು, ಚಹಾ ಕೊಡಬೇಕು ಅಂತ.” ಆಮೇಲೆ ನನ್ನ ಕೈ ನೋಡಿ ಕೇಳಿದಳು, “ಬುಕ್ ನಹೀ ಲಾಯೇ?” ಪುಸ್ತಕ ತಂದಿಲ್ಲವೇ ಎಂದು.

ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಮರುದಿನ ಶೇಠ್ ಮುಂದೆ ನಿಂತು ಎಲ್ಲ ಹೇಳಿದೆ. “ಹಳೇ ಮಾತು, ಬಿಡಿ” ಎಂದು ಅವರು ಫೋನ್ ಎತ್ತಿಕೊಂಡರು. ಆಮೇಲೆ ಸರ್ವರ್ ರೂಮಿಗೆ ಬಂದು ಆ ಪುಟ ತುಂಬಿದೆ. ಕೇಬಲ್ ಲೂಸ್ ಥಾ ಎಂದದ್ದನ್ನೂ ಬರೆದೆ, ಕೀಲಿ ಜೇಬಿಗೆ ಹಾಕಿಕೊಂಡದ್ದನ್ನೂ ಬರೆದೆ. ಓದಬೇಕಾದವರು ಇರಲಿಲ್ಲ.

ಈಗ ಕೆಲಸ ಕಲಿಯಲು ಬಂದವರಿಂದ ಮೊದಲ ದಿನ ಆ ಪುಟವನ್ನೇ ಓದಿಸುತ್ತೇನೆ. ಓದಿ ಮುಗಿಸಿ ಅವರು ತಲೆ ಎತ್ತುವ ಹೊತ್ತಿಗೆ ನಾನು ಮೇಜಿನ ಕೆಳಗೆ ಬಗ್ಗಿ ಯಾವುದಾದರೊಂದು ಕೇಬಲ್ ನೋಡುತ್ತಿರುತ್ತೇನೆ. ಅವರ ಮುಖ ನೋಡುವ ಧೈರ್ಯ ಇನ್ನೂ ಬಂದಿಲ್ಲ.